ದೋಣಿ ತಡವಾಗಿ ಬಂದ ದಿನ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಪಕ್ಕದ ಬೀದಿಯ ಗೃಹಿಣಿಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹಿಂದೆಯೇ ಯಜಮಾನರೂ ಬಂದರು. ಹುಡುಗಿ ಪ್ರಥಮ ಪಿಯುಸಿ. ಕೂತ ತಕ್ಷಣ ತಾಯಿ ವಿಷಯಕ್ಕೇ ಬಂದರು: "ಮೇಷ್ಟ್ರೇ, ನಿಮ್ಮ ಮಾತು ಅಂದರೆ ಇವಳಿಗೆ ಗೌರವ. ಓಟ ಗೀಟ ಎಲ್ಲ ಸಾಕು ಮಾಡು ಅಂತ ನೀವಾದರೂ ಒಂದು ಮಾತು ಹೇಳಿ."

ವಿಷಯ ಇಷ್ಟೇ. ಹುಡುಗಿ ಆರು ತಿಂಗಳಿನಿಂದ ಬೆಳಗಿನ ಜಾವ ಐದಕ್ಕೆ ಎದ್ದು ಹೈಸ್ಕೂಲ್ ಮೈದಾನ ಸುತ್ತುತ್ತಿದ್ದಳು. ಜಿಲ್ಲಾ ಮಟ್ಟದ ಗುಡ್ಡಗಾಡು ಓಟಕ್ಕೆ ಹೆಸರು ಕೊಟ್ಟಿದ್ದಳು. ಓಟದ ದಿನ ಮುಕ್ಕಾಲು ದಾರಿ ಓಡಿದ ಮೇಲೆ ಪಕ್ಕೆ ಹಿಡಿದುಕೊಂಡು ಕೂತುಬಿಟ್ಟಳು. ಜೀಪಿನಲ್ಲಿ ವಾಪಸು ಕರೆತಂದರು. ಕಾಲೇಜಿನಲ್ಲಿ ಹುಡುಗರು "ಜೀಪ್ ರಾಣಿ" ಎಂದು ಹೆಸರಿಟ್ಟರು. ಅಪ್ಪನಿಗೆ ಅವಮಾನ: "ಆಗದ ಕೆಲಸಕ್ಕೆ ಯಾಕೆ ಕೈ ಹಾಕಬೇಕಿತ್ತು ಸಾರ್?" ಅಮ್ಮನಿಗೆ ಬೇರೆಯದೇ ಚಿಂತೆ: "ಹೆಣ್ಣುಮಗು ಅಂದಮೇಲೆ ಓಡೋದಕ್ಕಿಂತ ತಾಳ್ಮೆ ಕಲಿಯೋದು ಮುಖ್ಯ ಅಲ್ವೇ?"

ಹುಡುಗಿ ಏನೂ ಮಾತಾಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಿದ್ದಳು.

ತಾಳ್ಮೆ! ಈ ಮಾತು ಕೇಳಿ ನನಗೆ ಒಳಗೊಳಗೇ ನಗು ಬಂತು. ಆರು ತಿಂಗಳು ಚಳಿ ಮಳೆ ಎನ್ನದೆ ಐದಕ್ಕೆ ಎದ್ದವಳಿಗೆ ತಾಳ್ಮೆ ಇಲ್ಲ ಎಂದರೆ ಇನ್ನು ಯಾರಿಗಿದ್ದೀತು? ಆದರೆ ಆ ತಾಯಿ ಹೇಳಿದ ತಾಳ್ಮೆಯೇ ಬೇರೆ. "ತಾಳಿದವನು ಬಾಳಿಯಾನು" ಎಂದು ಗಾದೆ ಕಟ್ಟಿದವರು 'ತಾಳಿದವನು' ಎಂದರೇ ಹೊರತು 'ತಾಳಿದವಳು' ಎನ್ನಲಿಲ್ಲ. ಆದರೂ ಗಾದೆಯನ್ನು ನಾವು ಹೇಳುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೇ. ಅತ್ತೆ ಅಂದರೆ ತಾಳಿಕೋ, ಗಂಡ ಬೈದರೆ ತಾಳಿಕೋ, ಅಣ್ಣನ ಓದಿಗಾಗಿ ನಿನ್ನ ಓದು ನಿಂತರೆ ತಾಳಿಕೋ. ಇದು ಹೊರಗಿನವರು ಹೊರಿಸಿದ ಭಾರವನ್ನು ಬಾಯಿ ಮುಚ್ಚಿ ಹೊರುವ ತಾಳ್ಮೆ. ಇನ್ನೊಂದು ತಾಳ್ಮೆ ಇದೆ. ತಾನೇ ಒಂದು ಗುರಿ ಆರಿಸಿಕೊಂಡು, ಅದನ್ನು ತಲುಪುವವರೆಗೆ ಮೈ ಮನಸ್ಸು ಎರಡನ್ನೂ ಬಿಗಿಹಿಡಿದುಕೊಂಡು ಹೋಗುವ ತಾಳ್ಮೆ. ದೂರದ ಓಟ, ದೂರದ ಈಜು, ಬೆಟ್ಟ ಹತ್ತುವುದು ಇವೆಲ್ಲ ಕಲಿಸುವುದು ಈ ಎರಡನೆಯದನ್ನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಒಳಗೆ ಅಜಗಜಾಂತರ.

ಆ ಸಂಜೆ ಹುಡುಗಿಗೆ ನಾನು ಬುದ್ಧಿವಾದ ಹೇಳಲಿಲ್ಲ. ಒಂದು ಕಥೆ ಹೇಳಿದೆ. ಓಟದ ಕಥೆಯಲ್ಲ, ಈಜಿನ ಕಥೆ. ಅದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಕಲ್ಕತ್ತೆಯ ಹುಡುಗಿ ಆರತಿ ಸಾಹಾ. ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು. ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಮಗು ಬೆಳೆದದ್ದು ಅಜ್ಜಿಯ ಆಸರೆಯಲ್ಲಿ. ನಾಲ್ಕು ವರ್ಷದವಳಿದ್ದಾಗ ಚಿಕ್ಕಪ್ಪನ ಜೊತೆ ಗಂಗೆಯ ಚಾಂಪಾತಲಾ ಘಾಟಿಗೆ ಸ್ನಾನಕ್ಕೆ ಹೋಗಿ ಹೋಗಿ ಈಜು ಕಲಿತಳು. ಮಗಳ ಆಸಕ್ತಿ ಕಂಡ ತಂದೆ ಆಕೆಯನ್ನು ಹಾಟ್‌ಖೋಲಾ ಈಜು ಕ್ಲಬ್ಬಿಗೆ ಸೇರಿಸಿದರು. 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಈಜಿನಲ್ಲಿ ಚಿನ್ನ ತಂದುಕೊಟ್ಟ ಸಚಿನ್ ನಾಗ್ ಆಕೆಯನ್ನು ತಿದ್ದಿದ ಗುರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಭಾರತ ತಂಡ ಹೋದಾಗ ಅದರಲ್ಲಿ ಆರತಿಯೂ ಇದ್ದಳು. ವಯಸ್ಸು ಎಷ್ಟು ಗೊತ್ತೇ? ಬರೀ ಹನ್ನೊಂದು.

1958ರಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಬ್ರಜೇನ್ ದಾಸ್ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಅದೇ ವರ್ಷ ನಮ್ಮ ಮಿಹಿರ್ ಸೇನ್ ಕೂಡ ದಾಟಿದರು. ಅವರಂತೆ ತಾನೂ ದಾಟಬೇಕೆಂದು ಆರತಿಗೆ ಹಂಬಲ ಹುಟ್ಟಿತು. ಆಗ ಆಕೆಗೆ ಹದಿನೆಂಟು ವರ್ಷ, ಅಂದರೆ ನಮ್ಮ ಪಿಯುಸಿ ಮುಗಿಸಿದ ಮಕ್ಕಳ ವಯಸ್ಸು. ಅಲ್ಲಿಯವರೆಗೆ ಏಷ್ಯಾದ ಯಾವ ಹೆಂಗಸೂ ಆ ಕಾಲುವೆಯನ್ನು ದಾಟಿರಲಿಲ್ಲ.

ಕಾಲುವೆ ಎಂದ ಕೂಡಲೇ ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ನೆನೆಯಬೇಡಿ. ಇದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಸಮುದ್ರ. ತೀರ ಇಕ್ಕಟ್ಟಾದ ಕಡೆ ಅಗಲ ಸುಮಾರು 21 ಮೈಲಿ, ನಮ್ಮ ಲೆಕ್ಕದಲ್ಲಿ 33 ಕಿಲೋಮೀಟರಿಗೂ ಮೇಲೆ. ನೀರಿನ ಬಿಸುಪು ಬೇಸಿಗೆಯಲ್ಲೂ 18 ಡಿಗ್ರಿಯ ಆಸುಪಾಸು. ನಮ್ಮ ಮಲೆನಾಡಿನ ಚಳಿಗಾಲದ ಬೆಳಗಿನ ಬಾವಿ ನೀರಿಗಿಂತಲೂ ತಣ್ಣಗೆ. ಅದರಲ್ಲಿ ಹತ್ತಾರು ಗಂಟೆ ಇರಬೇಕು. ಮೈ ಬೆಚ್ಚಗಿಡುವ ರಬ್ಬರಿನ ಉಡುಪು ತೊಡುವಂತಿಲ್ಲ. ಮೈಗೆ ಗ್ರೀಸು ಬಳಿದುಕೊಳ್ಳಬಹುದು, ಅಷ್ಟೆ. ಜೊತೆಗೆ ಹಡಗುಗಳ ಓಡಾಟ, ಮೈಗೆ ತಾಗಿದರೆ ಉರಿ ಹತ್ತಿಸುವ ಜೆಲ್ಲಿ ಮೀನುಗಳು.

ಇವೆಲ್ಲಕ್ಕಿಂತ ದೊಡ್ಡ ವೈರಿ ಸೆಳೆತ. ಸುಮಾರು ಆರು ಗಂಟೆಗೊಮ್ಮೆ ಸಮುದ್ರದ ಉಬ್ಬರವಿಳಿತ ದಿಕ್ಕು ಬದಲಾಯಿಸುತ್ತದೆ. ಈಜುವವರು ನೆಟ್ಟಗೆ ಹೋಗುತ್ತೇನೆಂದರೂ ನೀರು ಒಮ್ಮೆ ಎಡಕ್ಕೆ ಒಯ್ಯುತ್ತದೆ, ಇನ್ನೊಮ್ಮೆ ಬಲಕ್ಕೆ. ಹೀಗಾಗಿ 21 ಮೈಲಿಯ ದಾರಿ 30 ಆಗಬಹುದು, 40 ಆಗಬಹುದು. ಸಮಯಕ್ಕೆ ಸರಿಯಾಗಿ ನೀರಿಗೆ ಇಳಿದರೆ ಸೆಳೆತವೇ ಸ್ವಲ್ಪ ದೂರ ಹೆಗಲು ಕೊಡುತ್ತದೆ. ಹೊತ್ತು ತಪ್ಪಿದರೆ ಅದೇ ಸೆಳೆತ ದಡದ ಬಾಯಲ್ಲಿ ಅಡ್ಡ ನಿಲ್ಲುತ್ತದೆ.

ಇಷ್ಟು ದೊಡ್ಡ ಸಾಹಸಕ್ಕೆ ದುಡ್ಡೂ ಬೇಕು. ಕ್ಲಬ್ಬಿನ ಡಾ. ಅರುಣ್ ಗುಪ್ತ ಮುಂದಾಳಾಗಿ ನಿಂತು, ಆರತಿಯ ಈಜು ಪ್ರದರ್ಶನ ಏರ್ಪಡಿಸಿ ಹಣ ಕೂಡಿಸಿದರು. ಬಂಗಾಳದ ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್ ನೆರವಾದರು. ಆರತಿ ಕೊಳದಲ್ಲಿ ಗಂಟೆಗಟ್ಟಲೆ ಈಜಿ ಈಜಿ ಮೈಯನ್ನು ಹುರಿಗೊಳಿಸಿಕೊಂಡಳು.

1959ರ ಆಗಸ್ಟ್ 27. ಫ್ರಾನ್ಸಿನ ಕೇಪ್ ಗ್ರಿ ನೇ ಎಂಬ ಕಡಲಂಚು. ಅದೊಂದು ಅಂತರರಾಷ್ಟ್ರೀಯ ಸ್ಪರ್ಧೆ. ಪ್ರತಿಯೊಬ್ಬರಿಗೂ ಒಂದು ಬೆಂಗಾವಲು ದೋಣಿ. ನಡುರಾತ್ರಿ ಕಳೆದು ಉಳಿದವರೆಲ್ಲ ನೀರಿಗೆ ಇಳಿದರು. ಆರತಿಯ ದೋಣಿ ಮಾತ್ರ ಬರಲಿಲ್ಲ. ಅದು ಬಂದದ್ದು ಸುಮಾರು 40 ನಿಮಿಷ ತಡವಾಗಿ.

ನಲವತ್ತು ನಿಮಿಷ ಏನು ಮಹಾ ಅನ್ನಿಸಬಹುದು. ಆಕೆ ರಾತ್ರಿಯೆಲ್ಲ ಈಜಿದಳು. ಬೆಳಗಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಇಂಗ್ಲೆಂಡಿನ ದಡ ಇನ್ನು ಐದೇ ಮೈಲಿ. ಆಗ ಸೆಳೆತ ಎದುರಿನಿಂದ ಬಂತು. ಸಂಜೆ ನಾಲ್ಕರವರೆಗೆ, ಅಂದರೆ ಐದು ಗಂಟೆ ಹೊಡೆದಾಡಿದರೂ ಮುಂದೆ ಸಾಗಿದ್ದು ಸುಮಾರು ಎರಡು ಮೈಲಿ. ಇನ್ನೂ ಈಜುತ್ತೇನೆ ಎಂದಳು. ದೋಣಿಯವರು ಒಪ್ಪಲಿಲ್ಲ. ಒತ್ತಾಯಕ್ಕೆ ಮಣಿದು ದೋಣಿ ಹತ್ತಬೇಕಾಯಿತು.

ಇಲ್ಲಿ ಕಥೆ ನಿಲ್ಲಿಸಿ ಹುಡುಗಿಯನ್ನು ನೋಡಿದೆ. ನೆಲ ಕೆರೆಯುವುದು ನಿಂತಿತ್ತು. "ಆಮೇಲೆ ಸಾರ್?" ಎಂದಳು.

ಆಮೇಲೆ ಏನು? ದೇಶದ ಜನರ ದುಡ್ಡು ಖರ್ಚಾಗಿದೆ, ಹೋದ ಕೆಲಸ ಆಗಿಲ್ಲ. ಹದಿನೆಂಟರ ಹುಡುಗಿ ಬಿಕ್ಕಿ ಬಿಕ್ಕಿ ಅತ್ತು ಊರಿಗೆ ಹಡಗು ಹತ್ತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆಕೆ ಹತ್ತಲಿಲ್ಲ. ಅಲ್ಲೇ ಉಳಿದು ಮತ್ತೆ ಅಭ್ಯಾಸಕ್ಕೆ ಇಳಿದಳು. ಸೆಪ್ಟೆಂಬರ್ 24ಕ್ಕೆ ಹತ್ತೊಂಬತ್ತು ತುಂಬಿತು. ಐದು ದಿನ ಕಳೆದು, ಸೆಪ್ಟೆಂಬರ್ 29ರಂದು, ಅಂದರೆ ಸೋತ ದಿನದಿಂದ ಸರಿಯಾಗಿ 33ನೆಯ ದಿನ, ಅದೇ ಕೇಪ್ ಗ್ರಿ ನೇಯಿಂದ ಮತ್ತೆ ನೀರಿಗೆ ಇಳಿದಳು. ಈ ಬಾರಿ 16 ಗಂಟೆ 20 ನಿಮಿಷ ಈಜಿ, ಅಲೆಗಳೊಂದಿಗೆ ಸುತ್ತಿ ಬಳಸಿ 42 ಮೈಲಿ ಕ್ರಮಿಸಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಡ ಮುಟ್ಟಿದಳು. ದಡದಲ್ಲಿ ತ್ರಿವರ್ಣ ಧ್ವಜ ಹಾರಿತು. ಇಂಗ್ಲಿಷ್ ಕಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ! 1960ರಲ್ಲಿ ಪದ್ಮಶ್ರೀ ಬಂತು. ಆ ಗೌರವ ಪಡೆದ ಮೊದಲ ಭಾರತೀಯ ಕ್ರೀಡಾಪಟು ಮಹಿಳೆಯೂ ಆಕೆಯೇ. ಮುಂದೆ ಡಾ. ಅರುಣ್ ಗುಪ್ತ ಅವರನ್ನೇ ಮದುವೆಯಾದರು. 1994ರಲ್ಲಿ ಕಾಮಾಲೆಯಿಂದ ತೀರಿಕೊಂಡರು. 1999ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಎಲ್ಲರೂ ಹೊಗಳುವುದು ಎರಡನೆಯ ದಿನದ ಆ 16 ಗಂಟೆಗಳನ್ನು. ನನಗೆ ದೊಡ್ಡದಾಗಿ ಕಾಣುವುದು ನಡುವಿನ ಆ 33 ದಿನ. ನೀರಿನಲ್ಲಿ ಇದ್ದಾಗ ಕೈಕಾಲು ಆಡಿಸಲೇಬೇಕು, ಬೇರೆ ದಾರಿಯಿಲ್ಲ. ದಡದಲ್ಲಿ ಕೂತಾಗ ಮಾತ್ರ ಬೇರೆ ದಾರಿಗಳು ನೂರು ಕಾಣುತ್ತವೆ. ಸೋತ ನೀರಿಗೆ, ಅದರ ಚಳಿ ಎಷ್ಟು, ಸೆಳೆತ ಎಂಥದು ಎಂದು ಚೆನ್ನಾಗಿ ಗೊತ್ತಿದ್ದೂ ಮತ್ತೆ ಇಳಿಯುವುದು ಧೈರ್ಯ. ಮೊದಲ ಸಲ ಇಳಿಯಲು ಉತ್ಸಾಹ ಸಾಕು.

ಇನ್ನೊಂದು ಮಾತು ಗಮನಿಸಿ. ಮೊದಲ ಸಲ ಸೋತದ್ದು ಆರತಿಯ ತೋಳುಗಳಲ್ಲ, ಸೋತದ್ದು ಹೊತ್ತು. ದೋಣಿ ತಡವಾಯಿತು, ಸೆಳೆತ ತಿರುಗಿತು. "ನನ್ನ ಕೈಲಿ ಆಗಲಿಲ್ಲ" ಎನ್ನುವುದಕ್ಕೂ "ಇಂಥ ಕಾರಣದಿಂದ ಆಗಲಿಲ್ಲ" ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯ ಮಾತು ಬಾಗಿಲು ಹಾಕುತ್ತದೆ, ಎರಡನೆಯದು ತೆರೆದಿಡುತ್ತದೆ. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಹುಡುಗಿಯನ್ನು ಕೇಳಿದೆ: "ಓಟದ ದಿನ ಬೆಳಿಗ್ಗೆ ಏನು ತಿಂದೆಯಮ್ಮ?" ಆಕೆ ಅಮ್ಮನ ಮುಖ ನೋಡಿದಳು. ಅಮ್ಮ ಸಂಕೋಚದಿಂದ, "ಶಕ್ತಿ ಬರಲಿ ಅಂತ ಆರು ಇಡ್ಲಿ ತಿನ್ನಿಸಿದೆ ಮೇಷ್ಟ್ರೇ, ಹೊರಡೋ ಮುಂಚೆ" ಎಂದರು. ಹೊಟ್ಟೆ ತುಂಬ ತಿಂದು ಅರ್ಧ ಗಂಟೆಯಲ್ಲಿ ಜೋರಾಗಿ ಓಡಿದರೆ ಪಕ್ಕೆ ಹಿಡಿಯದೆ ಇನ್ನೇನಾದೀತು? ಪ್ರೀತಿಯಿಂದ ಕೊಟ್ಟ ಇಡ್ಲಿಯೇ ಅಲ್ಲಿ ಎದುರಿನ ಸೆಳೆತವಾಗಿತ್ತು. ಯಜಮಾನರು ಮೊದಲ ಸಲ ನಕ್ಕರು. ಆದರೆ ಅನುಮಾನ ಬಿಡಲಿಲ್ಲ: "ಅದಿರಲಿ ಸಾರ್, ಹೆಣ್ಣುಮಕ್ಕಳ ಮೈಗೆ ಇಷ್ಟು ದೂರದ ಓಟ ಒಗ್ಗುತ್ತದೆಯೇ?"

ಅವರೊಬ್ಬರದೇ ಅನುಮಾನವಲ್ಲ ಅದು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಬಾರಿ 800 ಮೀಟರ್ ಓಟ ಇಟ್ಟರು. ಮುಗಿಸಿದವರಲ್ಲಿ ಕೆಲವರು ದಣಿದು ನೆಲದ ಮೇಲೆ ಒರಗಿದರು. ಗಂಡಸರೂ ಹಾಗೆ ಒರಗುವುದುಂಟು. ಆದರೆ ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿ ಬರೆದವು. ಹೆಂಗಸರಿಗೆ ಇದು ಆಗದು ಎಂದು ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ. 1966ರಲ್ಲಿ ಅಮೆರಿಕದ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ಓಡುವ ಶಕ್ತಿಯಿಲ್ಲ ಎಂದು ತಿರಸ್ಕರಿಸಿದರು. ಆಕೆ ಪೊದೆಯಲ್ಲಿ ಅಡಗಿದ್ದು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿ, ಮೂರು ಗಂಟೆ 21 ನಿಮಿಷದಲ್ಲಿ ಮುಗಿಸಿದಳು. ಓಡಿದ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಆಕೆಯ ಹಿಂದೆ ಇದ್ದರು! ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಬರಲು 1984ರವರೆಗೆ ಕಾಯಬೇಕಾಯಿತು. ಇನ್ನು ಇಂಗ್ಲಿಷ್ ಕಾಲುವೆಯ ಮಾತಿಗೆ ಬಂದರೆ, 2019ರಲ್ಲಿ ಅಮೆರಿಕದ ಸಾರಾ ಥಾಮಸ್ ಅದನ್ನು ನಿಲ್ಲದೆ ನಾಲ್ಕು ಸಲ, ಅತ್ತಿಂದಿತ್ತ ಇತ್ತಿಂದತ್ತ, 54 ಗಂಟೆ ಈಜಿದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಅವರು ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ್ದರು. ಅವರಿಗಿಂತ ಮುಂಚೆ ಯಾವ ಗಂಡಸೂ ಅದನ್ನು ಮಾಡಿರಲಿಲ್ಲ. ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕೆ?

ತಂದೆ ತಾಯಿಗಳಿಗೆ ಹೇಳಬೇಕಾದ ಮಾತು ಆ ದೋಣಿಯ ವಿಷಯ. ಇಂಗ್ಲಿಷ್ ಕಾಲುವೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ದೋಣಿ ಪಕ್ಕದಲ್ಲೇ ಇರಬೇಕು. ದಾರಿ ತೋರಬಹುದು, ಕೋಲಿನ ತುದಿಯಲ್ಲೋ ಹಗ್ಗದಲ್ಲೋ ಗಂಜಿ, ಬಿಸಿ ಪಾನೀಯ ಇಳಿಬಿಡಬಹುದು, ಹುರಿದುಂಬಿಸಬಹುದು. ಮುಟ್ಟುವಂತಿಲ್ಲ. ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು. ಆ ಕಾಲುವೆ ದಾಟಿದ ಮೊದಲ ಮಹಿಳೆ ಅಮೆರಿಕದ ಗರ್ಟ್ರೂಡ್ ಎಡರ್ಲಿ. 1925ರಲ್ಲಿ ಆಕೆಯ ಮೊದಲ ಪ್ರಯತ್ನ ಹಾಳಾದದ್ದು ಹೀಗೆಯೇ. ಆಕೆಗೆ ಅಪಾಯವಾಗಿದೆ ಎಂದು ತಿಳಿದ ತರಬೇತುದಾರ ಇನ್ನೊಬ್ಬ ಈಜುಗಾರನಿಂದ ಕೈ ಹಾಕಿಸಿ ಹಿಡಿಸಿದ. ತಾನು ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದೆ ಎಂದು ಆಕೆ ಪರಿತಪಿಸಿದಳು. 1926ರಲ್ಲಿ ಮತ್ತೆ ಇಳಿದಳು. ಆ ಸಲ ದೋಣಿಯಲ್ಲಿ ಅಪ್ಪನೂ ಅಕ್ಕನೂ ಇದ್ದರು. ಗಾಳಿಮಳೆ ಜೋರಾದಾಗ ಹೊರಗೆ ಬಾ ಎಂದು ದೋಣಿಯಿಂದ ಕೂಗಿದವರಿಗೆ "ಯಾಕೆ?" ಎಂದು ಕೇಳಿದಳಂತೆ. ಅಲ್ಲಿಯವರೆಗೆ ದಾಟಿದ್ದ ಐವರೂ ಗಂಡಸರೇ. ಅವರೆಲ್ಲರ ವೇಗವನ್ನು ಸುಮಾರು ಎರಡು ಗಂಟೆಯಷ್ಟು ಹಿಂದಿಕ್ಕಿ ದಡ ಸೇರಿದಳು.

ಮಕ್ಕಳನ್ನು ಬೆಳೆಸುವುದೂ ಹೀಗೆಯೇ ಅಲ್ಲವೇ? ಕೆಲವು ಮನೆಗಳಲ್ಲಿ ದೋಣಿಯೇ ಬರುವುದಿಲ್ಲ. ಕೆಲವು ಮನೆಗಳಲ್ಲಿ ಎರಡು ನಿಮಿಷಕ್ಕೊಮ್ಮೆ ಕೈ ಹಾಕಿ ಎತ್ತಿಬಿಡುತ್ತಾರೆ. ಗಂಡುಮಕ್ಕಳ ದೋಣಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಹೆಣ್ಣುಮಕ್ಕಳದು ನಲವತ್ತು ನಿಮಿಷ ತಡ. ಬೂಟು ಮುಂದಿನ ತಿಂಗಳು, ತರಬೇತಿ ಪರೀಕ್ಷೆ ಮುಗಿದ ಮೇಲೆ, ಉಳಿದದ್ದು ಮದುವೆಯಾದ ಮೇಲೆ ಗಂಡ ಒಪ್ಪಿದರೆ. ಅಷ್ಟರಲ್ಲಿ ಸೆಳೆತ ತಿರುಗಿರುತ್ತದೆ.

ಇದನ್ನು ಬರೆಯುವಾಗ ನನ್ನ ತಪ್ಪೂ ನೆನಪಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸೊಗಸಾಗಿ ಓಡುತ್ತಿದ್ದಳು. ಅವಳ ಪ್ರವೇಶಪತ್ರ ಸಹಿ ಮಾಡಿಸಿ ಕಳಿಸುವ ಕೆಲಸ ನನ್ನದು. ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ ಅದು ಸೇರಿಹೋಯಿತು. ಎರಡು ದಿನ ತಡವಾಗಿ ಹೋದ ಅರ್ಜಿ ಹಾಗೆಯೇ ವಾಪಸು ಬಂತು. ಹೇಳಿದಾಗ ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಪರವಾಗಿಲ್ಲ ಸಾರ್" ಎಂದಳು. ಎಷ್ಟು ತಾಳ್ಮೆಯ ಹುಡುಗಿ ಎಂದು ಅಂದು ಮೆಚ್ಚಿಕೊಂಡೆ. ಇಂದು ನಾಚಿಕೆಯಾಗುತ್ತದೆ. ಅವಳು ಜಗಳ ಆಡಬೇಕಿತ್ತು. ಆಡದಂತೆ ಕಲಿಸಿದವರಲ್ಲಿ ನಾನೂ ಒಬ್ಬ. ಮುಂದಿನ ವರ್ಷ ಅವಳು ಹೆಸರು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಹಾಗೆಂದು ಕಣ್ಣು ಮುಚ್ಚಿ ನೀರಿಗೆ ತಳ್ಳಿ ಎಂದಲ್ಲ. ಎಳೆಯ ಮೈ ಒಂದೇ ವಾರದಲ್ಲಿ ದೂರದ ಓಟಕ್ಕೆ ಹದವಾಗುವುದಿಲ್ಲ, ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಬೇಗ ಸುಸ್ತು, ತಲೆಸುತ್ತು ಎಂದರೆ ಸೋಮಾರಿತನ ಎನ್ನದೆ ರಕ್ತ ಪರೀಕ್ಷೆ ಮಾಡಿಸಿ. ರಾಗಿ, ಸೊಪ್ಪು, ಕಾಳು, ಮೊಟ್ಟೆ ಏನು ಒಗ್ಗುತ್ತದೋ ಅದನ್ನು ಧಾರಾಳವಾಗಿ ಕೊಡಿ, ಓಟಕ್ಕೆ ಎರಡು ಮೂರು ಗಂಟೆ ಮೊದಲು. ಅಭ್ಯಾಸ ಹೆಚ್ಚಾಗಿ ಮುಟ್ಟು ತಿಂಗಳುಗಟ್ಟಲೆ ನಿಂತರೆ ಮುಚ್ಚಿಡದೆ ವೈದ್ಯರ ಬಳಿ ಹೋಗಬೇಕು. ಕೆರೆ, ಬಾವಿ, ಸಮುದ್ರಕ್ಕೆ ಒಬ್ಬರೇ ಇಳಿಯುವ ಮಾತೇ ಬೇಡ. ತರಬೇತುದಾರರು ಎಂಥವರು ಎಂದು ನೀವೇ ಹೋಗಿ ನೋಡಿ. ಇನ್ನು, ಅಪಾಯ ಕಂಡಾಗ ಹೊರಗೆ ಕರೆಯುವ ಹಕ್ಕು ದೋಣಿಯವರಿಗೆ ಇದ್ದೇ ಇದೆ. ಹಾಗೆ ಹೊರಗೆ ಬಂದವರನ್ನು ಹಂಗಿಸದಿರುವುದು ದಡದವರ ಧರ್ಮ. ಆರತಿ ಮೊದಲ ದಿನ ದೋಣಿ ಹತ್ತಿ ಜೀವ ಉಳಿಸಿಕೊಂಡದ್ದರಿಂದಲೇ ಎರಡನೆಯ ದಿನ ಬಂತು.

ವಿದ್ಯಾರ್ಥಿನಿಯರಿಗೂ ಒಂದು ಮಾತು. ಎಲ್ಲರೂ ಪದಕ ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಇನ್ನು ಆಗದು ಅನ್ನಿಸಿದ ಮೇಲೂ ನೂರು ಹೆಜ್ಜೆ ಹಾಕಿದ ನೆನಪು ಒಮ್ಮೆ ಮೈಗೆ ಹತ್ತಿದರೆ ಅದನ್ನು ಯಾರೂ ಕಸಿಯಲಾರರು. ನಾಳೆ ಸಂದರ್ಶನದ ಕೋಣೆಯಲ್ಲಿ, ಪರವೂರಿನ ಹಾಸ್ಟೆಲಿನಲ್ಲಿ, ಬೇಡ ಎಂದು ಗಟ್ಟಿಯಾಗಿ ಹೇಳಬೇಕಾದ ಗಳಿಗೆಯಲ್ಲಿ ಆ ನೆನಪು ಕೈ ಹಿಡಿಯುತ್ತದೆ.

ಆ ಹುಡುಗಿಯ ಸಂಗತಿ ಹೇಳಿ ಮುಗಿಸುತ್ತೇನೆ. ದಸರೆ ಕಳೆದ ಮೇಲೆ ಇನ್ನೊಂದು ಗುಡ್ಡಗಾಡು ಓಟವಿತ್ತು. ಹೋದಳು. ಹದಿನೇಳನೆಯವಳಾಗಿ ಬಂದಳು. ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ, ಆದರೆ ಪೂರ್ತಿ ದಾರಿ ತನ್ನ ಕಾಲಿನ ಮೇಲೆಯೇ ಬಂದಳು. ಮೊನ್ನೆ ಅವಳ ತಾಯಿ ತರಕಾರಿ ಅಂಗಡಿಯ ಬಳಿ ಸಿಕ್ಕರು. ಮತ್ತೆ ದೂರೇ.

"ಒಬ್ಬಳಿಗೆ ಹೇಳಿ ಅಂತ ಬಂದರೆ ಇಬ್ಬರನ್ನು ಕೆಡಿಸಿದಿರಿ ಮೇಷ್ಟ್ರೇ. ಈಗ ನಮ್ಮನೆಯವರೂ ಸೈಕಲ್ಲಿನಲ್ಲಿ ನೀರಿನ ಬಾಟಲು ಇಟ್ಟುಕೊಂಡು ಮಗಳ ಹಿಂದೆ ಹೋಗುತ್ತಾರೆ. ಬೆಳಗಿನ ಜಾವ ಐದಕ್ಕೆ ಎದ್ದು ಕಾಫಿ ಮಾಡೋದು ನನ್ನ ಪಾಲಿಗೆ ಬಂತು!"